ಕ್ಷಯದಿಂದ ಶ್ವಾಸನಾಳ ಕಿರಿದಾದರೆ ಏನು ಮಾಡಬೇಕು: ಪತ್ತೆ, ಬಲೂನು, ಸ್ಟೆಂಟ್ ಮತ್ತು ಆಮೇಲಿನ ಕಾಳಜಿ

ಆರು ತಿಂಗಳ ಟಿಬಿ ಮಾತ್ರೆ ಮುಗಿದಿದೆ, ಕಫದ ಪರೀಕ್ಷೆ ನೆಗೆಟಿವ್ ಬಂದಿದೆ, ತೂಕವೂ ಏರಿದೆ. ಆದರೂ ಮೆಟ್ಟಿಲು ಹತ್ತಿದರೆ ಮೊದಲಿಗಿಂತ ಹೆಚ್ಚು ದಮ್ಮು ಬರುತ್ತದೆ, ಎದೆಯ ಒಂದು ಬದಿಯಲ್ಲಿ ಸುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಇಂಥವರಲ್ಲಿ ಅನೇಕರಿಗೆ ಕಾಯಿಲೆ ಮರುಕಳಿಸಿರುವುದಿಲ್ಲ. ರೋಗಾಣು ಸತ್ತಿರುತ್ತದೆ. ಆದರೆ ಅದು ಶ್ವಾಸನಾಳದ ಒಳಗೋಡೆಯಲ್ಲಿ ಮಾಡಿದ್ದ ಹುಣ್ಣು ಮಾಗುತ್ತ, ಸುಟ್ಟ ಗಾಯದ ಚರ್ಮ ಬಿಗಿದು ಎಳೆದುಕೊಳ್ಳುವ ಹಾಗೆ, ನಾಳವನ್ನು ಸುತ್ತಲಿಂದ ಕಿರಿದು ಮಾಡಿರುತ್ತದೆ.

ಇಲ್ಲಿ ಮೊದಲು ಮನಸ್ಸಿಗೆ ಬರಬೇಕಾದ ವಿಷಯ ಒಂದೇ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಗಟ್ಟಿಯಾದ ಕಲೆಯನ್ನು ಕರಗಿಸುವುದಿಲ್ಲ. ಹಾಗಾಗಿ ಸೋಂಕಿನ ಚಿಕಿತ್ಸೆ ಮತ್ತು ನಾಳದ ಚಿಕಿತ್ಸೆ ಎರಡು ಬೇರೆ ಕೆಲಸಗಳು, ಎರಡೂ ಜೊತೆಜೊತೆಗೆ ನಡೆಯಬೇಕು. 'ಮೊದಲು ಕೋರ್ಸ್ ಮುಗಿಯಲಿ, ಆಮೇಲೆ ನೋಡೋಣ' ಎಂದು ಕಾಯುವಷ್ಟರಲ್ಲಿ ನಾಳ ಪೂರ್ತಿ ಮುಚ್ಚಿಹೋಗಿ, ಅದರಾಚೆಯ ಶ್ವಾಸಕೋಶ ಕೆಲಸಕ್ಕೆ ಬಾರದಂತೆ ಆಗುವ ಪ್ರಸಂಗಗಳಿವೆ.

ಎಲ್ಲಿ, ಹೇಗೆ ಕಟ್ಟಿಕೊಳ್ಳುತ್ತದೆ

ವಯಸ್ಕರ ಮುಖ್ಯ ಶ್ವಾಸನಾಳದ ಒಳ ಅಗಲ ಸುಮಾರು 15ರಿಂದ 20 ಮಿಲಿಮೀಟರ್. ಅದು ಎದೆಯೊಳಗೆ ಬಲ ಮತ್ತು ಎಡ ಎಂದು ಎರಡು ಕವಲಾಗುತ್ತದೆ. ಟಿಬಿಯಿಂದ ಹೆಚ್ಚು ಪೆಟ್ಟು ತಿನ್ನುವುದು ಎಡ ಕವಲು. ಬಲ ಕವಲಿನ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಆದರೆ, ಎಡದ್ದು ಸುಮಾರು ಐದು. ಅದು ಮಹಾಪಧಮನಿಯ ಕಮಾನಿನ ಕೆಳಗೆ ನುಸುಳಿ ಹೋಗುತ್ತದೆ, ಸುತ್ತ ದುಗ್ಧರಸ ಗ್ರಂಥಿಗಳು ಒತ್ತಿಕೊಂಡಿರುತ್ತವೆ. ಶ್ವಾಸಕೋಶದ ಗುಳಿಯಿಂದ ಬರುವ ಸೋಂಕಿನ ಕಫ ನಾಳದ ಗೋಡೆಗೆ ತಗುಲಿ ಅಲ್ಲೇ ಹುಣ್ಣಾಗಬಹುದು. ಇಲ್ಲವೇ ಪಕ್ಕದ ಗ್ರಂಥಿ ಊದಿ, ಕೊಳೆತು, ಗೋಡೆಯನ್ನು ಕೊರೆದು ಒಳಗೆ ಒಡೆಯಬಹುದು. ಹರೆಯದ ಮತ್ತು ನಡುವಯಸ್ಸಿನ ಮಹಿಳೆಯರಲ್ಲಿ ಈ ತೊಂದರೆ ಗಂಡಸರಿಗಿಂತ ಹೆಚ್ಚು ಕಾಣುತ್ತದೆ.

ಮಕ್ಕಳಲ್ಲಿ ಕಥೆ ಸ್ವಲ್ಪ ಬೇರೆ. ಅವರ ನಾಳ ಮೆದು ಮತ್ತು ಸಣ್ಣದು, ಹಾಗಾಗಿ ಒಳಗಿನ ಹುಣ್ಣಿಗಿಂತ ಹೊರಗಿನ ಗ್ರಂಥಿಯ ಒತ್ತಡವೇ ಹೆಚ್ಚು ಕಾಟ ಕೊಡುತ್ತದೆ. ಗಾಳಿ ಒಳಗೆ ಹೋಗಿ ಹೊರಗೆ ಬರಲಾಗದೆ ಒಂದು ಬದಿಯ ಶ್ವಾಸಕೋಶ ಉಬ್ಬಿಕೊಂಡರೆ, ಮಗು ಕಡಲೆಬೀಜ ನುಂಗಿದೆಯೇನೋ ಎಂದು ಮೊದಲು ಅನುಮಾನ ಹೋಗುವುದು ಸಹಜ. ಎರಡನ್ನೂ ಪರೀಕ್ಷಿಸಬೇಕು.

ಅಸ್ತಮಾ ಎಂದು ತಪ್ಪು ತಿಳಿಯುವುದು ಇಲ್ಲೇ

ವಾರಗಟ್ಟಲೆ ಬಿಡದ, ಗದರಿದಂತೆ ಬರುವ ಒಣಕೆಮ್ಮು, ಜೊತೆಗೆ ಸುಂಯ್ ಸದ್ದು. ಇನ್ಹೇಲರ್ ಕೊಟ್ಟರೆ ಅಷ್ಟಾಗಿ ಇಳಿಯುವುದಿಲ್ಲ. ಅಸ್ತಮಾದ ಸದ್ದು ಎದೆಯ ಎರಡೂ ಬದಿ ಕೇಳುತ್ತದೆ, ದಿನದಿಂದ ದಿನಕ್ಕೆ ಏರಿಳಿಯುತ್ತದೆ. ನಾಳ ಕಿರಿದಾದವರಲ್ಲಿ ಅದು ಒಂದೇ ಜಾಗದಲ್ಲಿ ಒಂದೇ ಸ್ವರದಲ್ಲಿ ಕೇಳುತ್ತದೆ, ಕೆಮ್ಮಿ ಕಫ ತೆಗೆದರೂ ಉಳಿದಿರುತ್ತದೆ. ಸ್ಟೆತಾಸ್ಕೋಪನ್ನು ಬೆನ್ನಿನ ಎರಡೂ ಬದಿ ಇಟ್ಟು ಒಂದು ನಿಮಿಷ ಹೋಲಿಸಿದರೆ ಈ ವ್ಯತ್ಯಾಸ ಸಿಗುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು, ಕೆಮ್ಮಿನಲ್ಲಿ ಎಳೆ ಎಳೆಯಾಗಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಅನುಮಾನ ಇನ್ನೂ ಗಟ್ಟಿ. ಸ್ವರ ಒಡೆದಿದ್ದರೆ ಗಂಟಲಗೂಡಿಗೂ ಟಿಬಿ ತಗುಲಿರಬಹುದು, ಇಎನ್‌ಟಿ ವೈದ್ಯರಿಂದ ನೋಡಿಸಬೇಕು.

ಟಿಬಿಯ ಪರೀಕ್ಷೆ ಆಗುವ ಮೊದಲೇ ಎರಡು ಔಷಧ ಕೊಡುವ ರೂಢಿ ಬಹಳ ಹಾನಿ ಮಾಡುತ್ತದೆ. ಒಂದು, ಅಸ್ತಮಾ ಎಂದುಕೊಂಡು ಕೊಡುವ ಸ್ಟೀರಾಯ್ಡ್ ಮಾತ್ರೆ. ನಾಲ್ಕು ದಿನ ಆರಾಮ ಎನಿಸುತ್ತದೆ, ಅಡಿಯಲ್ಲಿ ಸೋಂಕು ಹಬ್ಬುತ್ತದೆ. ಇನ್ನೊಂದು, ನ್ಯುಮೋನಿಯಾ ಎಂದುಕೊಂಡು ಕೊಡುವ ಲಿವೋಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್. ಅದು ಟಿಬಿಯನ್ನು ಅರ್ಧಂಬರ್ಧ ಹತ್ತಿಕ್ಕಿ ಪತ್ತೆಯನ್ನೇ ತಡಮಾಡುತ್ತದೆ, ಆ ಔಷಧಕ್ಕೆ ನಿರೋಧ ಬೆಳೆಯಲೂ ದಾರಿಯಾಗುತ್ತದೆ.

ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಮುಖ್ಯ ನಾಳ ಸುಮಾರು 8 ಮಿಲಿಮೀಟರಿಗೆ ಇಳಿದಾಗ ಓಡಾಡಿದರೆ ಏದುಸಿರು ಬರುತ್ತದೆ. 5 ಮಿಲಿಮೀಟರಿಗೆ ಬಂದಾಗ ಕುಳಿತಲ್ಲೇ ಉಸಿರು ಕಷ್ಟ, ಉಸಿರೆಳೆದುಕೊಳ್ಳುವಾಗ ಕರ್ಕಶ ಸದ್ದು ಪಕ್ಕದವರಿಗೂ ಕೇಳುತ್ತದೆ. ಈ ಎರಡರ ನಡುವೆ ಇರುವುದು ಮೂರೇ ಮಿಲಿಮೀಟರ್. ಅಷ್ಟನ್ನು ಒಂದು ಕಫದ ಗಟ್ಟಿ ಮುಚ್ಚಿಬಿಡಬಲ್ಲದು. ಆದ್ದರಿಂದ ಕುಳಿತಾಗಲೂ ಸದ್ದು ಬರುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಕತ್ತಿನ ಕುಳಿ ಒಳಕ್ಕೆ ಸೆಳೆಯುತ್ತಿದ್ದರೆ, ಅಥವಾ ಒಂದೆರಡು ಚಮಚಕ್ಕಿಂತ ಹೆಚ್ಚು ರಕ್ತ ಕೆಮ್ಮಿದರೆ ಕೂಡಲೇ 108ಕ್ಕೆ ಕರೆ ಮಾಡಿ.

ಆಂಬ್ಯುಲೆನ್ಸ್ ಬರುವ ತನಕ ರೋಗಿಯನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ನಿದ್ದೆ ಮಾತ್ರೆ, ಕೆಮ್ಮು ಅಡಗಿಸುವ ಕೊಡೀನ್ ಸಿರಪ್ ಬೇಡವೇ ಬೇಡ. ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುತ್ತಿದೆ ಎಂದು ಸಮಾಧಾನ ಪಡಬೇಡಿ: ದೊಡ್ಡ ನಾಳ ಕಿರಿದಾದಾಗ ಆಕ್ಸಿಜನ್ ಅಂಕಿ ಕೊನೆಯ ಹಂತದವರೆಗೂ ಸರಿಯಾಗಿಯೇ ಇರಬಹುದು. ಅದು ಬೀಳತೊಡಗಿದಾಗ ಕೈಯಲ್ಲಿ ಉಳಿದಿರುವ ಸಮಯ ಕಡಿಮೆ.

ತುರ್ತು ವಿಭಾಗದಲ್ಲಿ ಆಕ್ಸಿಜನ್, ಅಡ್ರಿನಲಿನ್ ನೆಬ್ಯುಲೈಸೇಶನ್, ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಟ್ಟು ಊತವನ್ನು ಸ್ವಲ್ಪ ಇಳಿಸಿ ಸಮಯ ಗಳಿಸುತ್ತಾರೆ. ಕಿರಿದಾದ ಜಾಗ ಎಲ್ಲಿದೆ ಎಂದು ತಿಳಿಯದೆ ಉಸಿರಾಟದ ಕೊಳವೆ ತೂರಿಸಿದರೆ ತುದಿ ಅಲ್ಲೇ ತಡೆದು ಊತ, ರಕ್ತಸ್ರಾವ ಆಗಿ ನಾಳ ಪೂರ್ತಿ ಮುಚ್ಚಬಹುದು. ಕತ್ತಿನಲ್ಲಿ ರಂಧ್ರ ಮಾಡುವ ಟ್ರೇಕಿಯಾಸ್ಟಮಿಯಿಂದ ಉಪಯೋಗವಾಗುವುದು ತಡೆ ಅದಕ್ಕಿಂತ ಮೇಲಿದ್ದರೆ ಮಾತ್ರ. ಎದೆಯೊಳಗೆ ಕಿರಿದಾಗಿದ್ದರೆ ಅದು ದಾರಿ ತೆರೆಯುವುದಿಲ್ಲ. ಅದಕ್ಕೇ ಸ್ಕ್ಯಾನ್ ಫಿಲ್ಮ್ ಮತ್ತು ಹಳೆಯ ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ನಾಳದ ಒಳಗೆ ನೋಡುವ ಪರೀಕ್ಷೆ) ವರದಿ ಜೊತೆಗೇ ಹೋಗಬೇಕು.

ಪರೀಕ್ಷೆಗಳು: ಯಾವುದು ಏನು ಹೇಳುತ್ತದೆ

ಕಫದಿಂದಲೇ ಶುರುಮಾಡಿ. ಎರಡು ಮಾದರಿ ಬೇಕು, ಒಂದು ಬೆಳಿಗ್ಗೆ ಎದ್ದೊಡನೆ ತೆಗೆದದ್ದಾಗಿರಲಿ. ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು, ಜೊಲ್ಲು ಸಾಲದು. ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದಲ್ಲಿ ಕೆಲವೇ ಗಂಟೆಗಳಲ್ಲಿ ಟಿಬಿ ಇದೆಯೇ, ಅದು ಮುಖ್ಯ ಟಿಬಿ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದು ತಿಳಿಯುತ್ತದೆ. ಟ್ರೂನಾಟ್ ನಮ್ಮ ದೇಶದ್ದೇ ತಂತ್ರಜ್ಞಾನ, ಅದರ ಸಂಶೋಧನೆ ನಡೆದದ್ದು ಬೆಂಗಳೂರಿನಲ್ಲಿ.

ಈ ಬಗೆಯ ಟಿಬಿಯಲ್ಲಿ ಕಫ ನೆಗೆಟಿವ್ ಬರುವುದು ಅಪರೂಪವಲ್ಲ. ನಾಳ ಕಟ್ಟಿಕೊಂಡಾಗ ರೋಗಾಣು ಇರುವ ಕಫ ಅದರ ಹಿಂದೆಯೇ ಉಳಿಯುತ್ತದೆ. ಎದೆಯ ಎಕ್ಸ್‌ರೇ ಕೂಡ ಸರಿಯಾಗಿಯೇ ಕಾಣಬಹುದು. ಇವೆರಡೂ ನೆಗೆಟಿವ್ ಬಂದು ಒಂದೇ ಬದಿಯ ಸದ್ದು ಉಳಿದಿದ್ದರೆ ಅಲ್ಲಿಗೆ ನಿಲ್ಲಿಸದೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಕೇಳುವಾಗ 'ನಾಳದ ಉದ್ದಕ್ಕೆ ಮರುಜೋಡಿಸಿದ ಚಿತ್ರಗಳೂ ಬೇಕು' ಎಂದು ಬರೆಸಬೇಕು. ಅಡ್ಡ ಕೊಯ್ತದ ಚಿತ್ರಗಳಲ್ಲಿ ಸಣ್ಣ ಪೊರೆಯಂಥ ತಡೆ ಕಣ್ತಪ್ಪುತ್ತದೆ, ಉದ್ದಕ್ಕೆ ಜೋಡಿಸಿದಾಗ ಎಷ್ಟು ಉದ್ದ, ಎಷ್ಟು ಅಗಲ, ಅದರಾಚೆಗಿನ ಶ್ವಾಸಕೋಶ ಬದುಕಿದೆಯೇ ಎಂಬುದು ಕಾಣುತ್ತದೆ. ಉಸಿರು ಬಿಟ್ಟಾಗಲೂ ಒಮ್ಮೆ ಚಿತ್ರ ತೆಗೆದರೆ ಮೃದ್ವಸ್ಥಿ ಕರಗಿ ಗೋಡೆ ಕುಸಿಯುತ್ತಿದೆಯೇ ಎಂದೂ ತಿಳಿಯುತ್ತದೆ.

ಕೊನೆಯ ಮಾತು ಬ್ರಾಂಕೋಸ್ಕೋಪಿಯದ್ದು. ಒಳಗೆ ಕಾಣುವ ನೋಟವನ್ನು ಏಳು ಬಗೆಯಾಗಿ ವಿಂಗಡಿಸುತ್ತಾರೆ. ರೋಗಿಗೆ ಮುಖ್ಯವಾಗುವುದು ಇಷ್ಟು: ಗೋಡೆ ಕೆಂಪಾಗಿ ಊದಿದೆಯೇ, ಮೊಸರಿನ ಗಡ್ಡೆಯಂಥ ಬಿಳಿ ಪದಾರ್ಥ ಅಂಟಿದೆಯೇ, ಗಡ್ಡೆ ಬೆಳೆದು ದಾರಿಗೆ ಅಡ್ಡ ಬಂದಿದೆಯೇ, ಅಥವಾ ಬಿಳಿಚಿದ ಗಟ್ಟಿ ಕಲೆಯಾಗಿ ಬಿಗಿದಿದೆಯೇ. ಊತ ಮತ್ತು ಬಿಳಿ ಪದಾರ್ಥ ಸಕ್ರಿಯ ಕಾಯಿಲೆಯ ಗುರುತು, ಇವೇ ಮುಂದೆ ಹೆಚ್ಚಾಗಿ ಕಿರಿದಾಗುವುದು. ಬರೀ ಕಾಳುಕಾಳಾಗಿ ಕಾಣುವ ಅಥವಾ ಮೇಲ್ಮೈ ಹುಣ್ಣಿನ ಬಗೆ ಮಾತ್ರೆಗೆ ಚೆನ್ನಾಗಿ ವಾಸಿಯಾಗುತ್ತದೆ. ಗಡ್ಡೆಯ ಬಗೆಯನ್ನು ಮುಂಚಿತವಾಗಿ ಊಹಿಸುವುದು ಕಷ್ಟ, ಮೇಲಾಗಿ ಕ್ಯಾನ್ಸರ್‌ನಂತೆಯೇ ಕಾಣುವುದರಿಂದ ತುಣುಕು ತೆಗೆದು ಪರೀಕ್ಷಿಸಲೇಬೇಕು. ನಾಳ ತೊಳೆದ ನೀರು ಮತ್ತು ತುಣುಕು ಎರಡನ್ನೂ ಸಿಬಿನಾಟ್, ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ), ಪೆಥಾಲಜಿ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವುದು) ಮೂರಕ್ಕೂ ಕಳಿಸಿದ್ದಾರೆಯೇ ಎಂದು ಕೇಳಿ. ಇಡೀ ತುಣುಕನ್ನು ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ಟರೆ ರೋಗಾಣು ಸಾಯುತ್ತದೆ, ಅದರಿಂದ ಕಲ್ಚರ್ ಮಾಡಲಾಗದು. ಸಣ್ಣ ತಪ್ಪು, ಆದರೆ ಔಷಧ ನಿರೋಧದ ಸಂಗತಿ ತಿಳಿಯುವ ದಾರಿಯೇ ತಪ್ಪಿಹೋಗುತ್ತದೆ.

ಮಾತ್ರೆ ಮತ್ತು ಸ್ಟೀರಾಯ್ಡ್

ಔಷಧಕ್ಕೆ ಬಗ್ಗುವ ಟಿಬಿಗೆ ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ಸೇರಿದ ಮಾತ್ರೆ. ಮುಂದಿನ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ವಯಸ್ಕರಿಗೆ ದಿನಕ್ಕೆ 25ರಿಂದ 34 ಕಿಲೋ ತೂಕಕ್ಕೆ 2 ಮಾತ್ರೆ, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4, 65ರಿಂದ 75ಕ್ಕೆ 5. ಚಿಕಿತ್ಸೆಯ ನಡುವೆ ತೂಕ ಏರಿ ಮುಂದಿನ ವರ್ಗಕ್ಕೆ ಹೋದರೆ ಮಾತ್ರೆಯೂ ಏರಬೇಕು, ಇದನ್ನು ನೆನಪಿಸುವ ಕೆಲಸ ಮನೆಯವರೂ ಮಾಡಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಬಣ್ಣ ಗುರುತಿಸಲು ಕಷ್ಟವಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ನಿರೋಧ ಕಂಡುಬಂದರೆ ಔಷಧದ ಕ್ರಮವೇ ಬೇರೆ, ಅದನ್ನು ಜಿಲ್ಲಾ ಟಿಬಿ ಕೇಂದ್ರದ ಮೂಲಕವೇ ಶುರುಮಾಡಬೇಕು.

ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ಕೆಮ್ಮು, ಸದ್ದು ಇದ್ದಕ್ಕಿದ್ದಂತೆ ಹೆಚ್ಚಾಗುವುದುಂಟು. ಸಾಯುತ್ತಿರುವ ರೋಗಾಣುವಿನ ವಿರುದ್ಧ ದೇಹದ ಪ್ರತಿಕ್ರಿಯೆ ಜೋರಾಗಿ ಗ್ರಂಥಿ ಊದಿ ನಾಳದೊಳಕ್ಕೆ ಒಡೆಯುವುದು ಇದಕ್ಕೊಂದು ಕಾರಣ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ನಿಲ್ಲಿಸಿದರೆ ಅನಾಹುತ. ಮಾತ್ರೆ ಮುಂದುವರಿಸುತ್ತಲೇ ನಾಳವನ್ನು ಮತ್ತೊಮ್ಮೆ ನೋಡಿಸಬೇಕು.

ಸ್ಟೀರಾಯ್ಡ್ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಗ್ರಂಥಿಯ ಒತ್ತಡದಿಂದ ಉಸಿರು ಕಟ್ಟುತ್ತಿರುವ ಮಕ್ಕಳಲ್ಲಿ ಅದರ ಪ್ರಯೋಜನ ಹೆಚ್ಚು ಸ್ಪಷ್ಟ: ಪ್ರೆಡ್ನಿಸೊಲೋನ್ ಕಿಲೋಗೆ 2 ಮಿಲಿಗ್ರಾಂವರೆಗೆ, ಸಾಮಾನ್ಯವಾಗಿ ದಿನಕ್ಕೆ 60 ಮಿಲಿಗ್ರಾಂ ಮೀರದಂತೆ, ಸುಮಾರು 4 ವಾರ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ವಯಸ್ಕರಲ್ಲಿ ಊತ ಹೆಚ್ಚಿರುವ ಆರಂಭದ ದಿನಗಳಲ್ಲಿ ಕೊಟ್ಟರೆ ಸ್ವಲ್ಪ ಉಪಕಾರವಾಗಬಹುದು. ಬಿಗಿದ ಕಲೆಯ ಮೇಲೆ ಅದರ ಆಟ ನಡೆಯುವುದಿಲ್ಲ. ಆ ಹಂತದಲ್ಲಿ ತಿಂಗಳುಗಟ್ಟಲೆ ನುಂಗಿಸುವುದು ಸಕ್ಕರೆ ಏರಿಸಲು, ಮೂಳೆ ಸವೆಸಲು ಮಾತ್ರ. ಇನ್ನೊಂದು ವಿಷಯ: ರಿಫಾಂಪಿಸಿನ್ ಯಕೃತ್ತಿನಲ್ಲಿ ಪ್ರೆಡ್ನಿಸೊಲೋನನ್ನು ಬೇಗ ಒಡೆದುಹಾಕುತ್ತದೆ, ಹಾಗಾಗಿ ಮಾಮೂಲಿ ಪ್ರಮಾಣ ಸಾಲದೆ ಬರಬಹುದು. ಗರ್ಭನಿರೋಧಕ ಮಾತ್ರೆಗೂ ಇದೇ ಗತಿ, ಅದನ್ನು ನಂಬಿಕೊಂಡಿರುವವರು ಬೇರೆ ವಿಧಾನಕ್ಕೆ ಬದಲಾಗಬೇಕು.

ನಾಳ ತೆರೆಯುವುದು

ಯಾವಾಗ ಎಂಬುದೇ ಮೊದಲ ಪ್ರಶ್ನೆ. ಊತ, ಹುಣ್ಣು ಜೋರಾಗಿರುವಾಗ ಸುಡುವ, ಕೊಯ್ಯುವ ಕೆಲಸ ಹೊಸ ಗಾಯ ಮಾಡುತ್ತದೆ. ಆ ಹಂತದಲ್ಲಿ ಅಡ್ಡ ಬಂದ ಬಿಳಿ ಪದಾರ್ಥವನ್ನು ಇಕ್ಕಳದಿಂದ ಅಥವಾ ಶೀತಲ ಪ್ರೋಬಿನಿಂದ ತೆಗೆದು ದಾರಿ ಉಳಿಸಿಕೊಳ್ಳುವುದು ಜಾಣತನ. ಶೀತಲ ಪ್ರೋಬ್ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಸಾಯಿಸುತ್ತದೆ, ಮೃದ್ವಸ್ಥಿಯನ್ನು ಹೆಚ್ಚಾಗಿ ಕೆಡಿಸುವುದಿಲ್ಲ, ಬೆಂಕಿಯ ಭಯವೂ ಇಲ್ಲ. ಸತ್ತ ಅಂಗಾಂಶ ಕೆಲವು ದಿನಗಳಲ್ಲಿ ಕಳಚುವುದರಿಂದ ಒಂದೆರಡು ವಾರದೊಳಗೆ ಮತ್ತೆ ಒಳಗಿಳಿದು ಸ್ವಚ್ಛ ಮಾಡಬೇಕು. ಇದನ್ನು ಮರೆತರೆ ಆ ಚೂರೇ ನಾಳಕ್ಕೆ ಬಿರಡೆಯಾಗುತ್ತದೆ.

ಕಲೆ ಬಿಗಿದ ಮೇಲೆ ಮೊದಲ ಆಯ್ಕೆ ಬಲೂನು. ರೋಗಿ ಆರು ಗಂಟೆ ಘನಾಹಾರ, ಎರಡು ಗಂಟೆ ನೀರು ಬಿಟ್ಟಿರಬೇಕು. ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದಯ ವೈದ್ಯರನ್ನು ಕೇಳಿ ಐದರಿಂದ ಏಳು ದಿನ ಮೊದಲೇ ನಿಲ್ಲಿಸಲಾಗುತ್ತದೆ. 2.8 ಮಿಲಿಮೀಟರ್ ಮಾರ್ಗವಿರುವ ಬ್ರಾಂಕೋಸ್ಕೋಪಿನ ಮೂಲಕ ತೆಳು ತಂತಿಯನ್ನು ಕಿರಿದಾದ ಜಾಗ ದಾಟಿಸಿ, ಅದರ ಮೇಲೆ ಬಲೂನನ್ನು ಜಾರಿಸುತ್ತಾರೆ. ಬಲೂನಿನ ಎರಡೂ ತುದಿ ತಡೆಯ ಆಚೆ ಈಚೆ ಚಾಚಿರಬೇಕು, ಇಲ್ಲದಿದ್ದರೆ ಉಬ್ಬುತ್ತಿದ್ದಂತೆ ಜಾರಿಹೋಗುತ್ತದೆ. ಗಾಳಿಯ ಬದಲು ಸಲೈನ್ ತುಂಬಿ, ಒತ್ತಡದ ಮಾಪಕ ನೋಡುತ್ತ 3 ಅಟ್ಮಾಸ್ಫಿಯರ್‌ನಿಂದ ಹಂತಹಂತವಾಗಿ 8ರವರೆಗೆ ಏರಿಸುತ್ತಾರೆ. ಕವಲು ನಾಳದಲ್ಲಿ 30ರಿಂದ 60 ಸೆಕೆಂಡ್ ಹಿಡಿದು ಇಳಿಸುವುದು, ಒಳಗೋಡೆ ನೋಡುವುದು, ಮತ್ತೆ ಏರಿಸುವುದು. ಮುಖ್ಯ ನಾಳದಲ್ಲಾದರೆ 15ರಿಂದ 30 ಸೆಕೆಂಡ್ ಮಾತ್ರ, ಏಕೆಂದರೆ ಅಷ್ಟು ಹೊತ್ತು ಉಸಿರಾಟವೇ ನಿಂತಿರುತ್ತದೆ.

ಇಲ್ಲಿ ಆತುರವೇ ಶತ್ರು. ಮೊದಲ ದಿನವೇ ಸಹಜ ಅಗಲ ತರಬೇಕೆಂದು ದೊಡ್ಡ ಬಲೂನು ಉಬ್ಬಿಸಿದರೆ ಹಿಂದಿನ ಮೆದು ಗೋಡೆ ಹರಿಯುತ್ತದೆ. 8 ಅಥವಾ 10 ಮಿಲಿಮೀಟರಿನಿಂದ ಶುರುಮಾಡಿ, ಪಕ್ಕದ ಆರೋಗ್ಯವಂತ ನಾಳದ ಅಗಲವನ್ನು ಎಂದೂ ಮೀರದೆ, ಒಂದೆರಡು ವಾರಕ್ಕೊಮ್ಮೆ ಹಲವು ಬಾರಿ ಮಾಡುವುದೇ ಸರಿಯಾದ ದಾರಿ. ಮೇಲ್ಪದರ ಸ್ವಲ್ಪ ಸೀಳುವುದು, ಕಫದಲ್ಲಿ ರಕ್ತದ ಎಳೆ ಕಾಣುವುದು ಮಾಮೂಲು. ಎದೆನೋವು ಏರುತ್ತಿದ್ದರೆ, ಕತ್ತು ಊದಿ ಚರ್ಮ ಒತ್ತಿದಾಗ ಚರಚರ ಎನ್ನಿಸಿದರೆ ಗಾಳಿ ಹೊರಗೆ ಸೋರುತ್ತಿದೆ ಎಂದರ್ಥ, ಕೂಡಲೇ ಎಕ್ಸ್‌ರೇ ಬೇಕು. ಗಂಟಲಿನ ಮರಗಟ್ಟುವಿಕೆ ಹೋಗುವವರೆಗೆ, ಅಂದರೆ ಸುಮಾರು ಎರಡು ಗಂಟೆ, ಏನೂ ತಿನ್ನಬಾರದು, ಕುಡಿಯಬಾರದು.

ತಡೆ ತೆಳು ಪೊರೆಯಂತಿದ್ದರೆ ಬಲೂನಿಗೆ ಮುನ್ನ ವಿದ್ಯುತ್ ಚಾಕು ಅಥವಾ ಲೇಸರ್‌ನಿಂದ ಗಡಿಯಾರದ 12, 3, 9ರ ಜಾಗದಲ್ಲಿ ಮೂರು ಗೀರು ಹಾಕುತ್ತಾರೆ. ಹಿಂಬದಿಯ ಮೆದು ಗೋಡೆಯನ್ನು ಮುಟ್ಟುವುದಿಲ್ಲ. ಆಗ ಬಲೂನಿನ ಬಲಕ್ಕೆ ಗೋಡೆ ಎಲ್ಲೆಂದರಲ್ಲಿ ಹರಿಯದೆ ಗೀರಿದ ಕಡೆಯೇ ಬಿಚ್ಚಿಕೊಳ್ಳುತ್ತದೆ. ಶಾಖ ಬಳಸುವಾಗ ಆಕ್ಸಿಜನ್ ಪ್ರಮಾಣ 40 ಶೇಕಡಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ನಾಳದೊಳಗೆ ಬೆಂಕಿ ಹೊತ್ತಿಕೊಳ್ಳಬಹುದು. ಸುತ್ತಲೂ ಸುಟ್ಟರೆ ಕಲೆ ಇನ್ನೂ ದೊಡ್ಡದಾಗಿ ಮರಳುತ್ತದೆ.

ಪೂರ್ತಿ ಮುಚ್ಚಿಹೋದ ನಾಳವನ್ನು ಅಂದಾಜಿನ ಮೇಲೆ ಚುಚ್ಚುವುದು ಅಪಾಯ, ಪಕ್ಕದಲ್ಲೇ ಶ್ವಾಸಕೋಶದ ದೊಡ್ಡ ರಕ್ತನಾಳವಿದೆ. ತಿಂಗಳುಗಟ್ಟಲೆ ಕುಸಿದು ಕೀವು ತುಂಬಿದ ಶ್ವಾಸಕೋಶಕ್ಕೆ ದಾರಿ ಮಾಡಿಕೊಟ್ಟರೂ ಅದು ಉಸಿರಾಡುವುದಿಲ್ಲ. ಅಂಥಲ್ಲಿ ಮತ್ತೆ ಮತ್ತೆ ಸೋಂಕು, ರಕ್ತ ಬರುತ್ತಿದ್ದರೆ ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ಮೇಲು. ಆಚೆಯ ಶ್ವಾಸಕೋಶ ಚೆನ್ನಾಗಿದ್ದರೆ ಕಿರಿದಾದ ತುಂಡನ್ನಷ್ಟೇ ಕತ್ತರಿಸಿ ನಾಳವನ್ನು ಮರುಜೋಡಿಸುವುದೂ ಸಾಧ್ಯ. ಎರಡಕ್ಕೂ ಸೋಂಕು ಹತೋಟಿಗೆ ಬಂದಿರಬೇಕು, ಇಲ್ಲವಾದರೆ ಹೊಲಿಗೆ ಕೂಡುವುದಿಲ್ಲ.

ಸ್ಟೆಂಟ್ ಬಗ್ಗೆ ಒಪ್ಪಿಗೆ ಕೊಡುವ ಮುನ್ನ

ಬಲೂನು ಹಾಕಿದರೂ ಮತ್ತೆ ಮತ್ತೆ ಮುಚ್ಚಿಕೊಂಡರೆ, ಅಥವಾ ಮೃದ್ವಸ್ಥಿ ಹಾಳಾಗಿ ಗೋಡೆ ಕುಸಿಯುತ್ತಿದ್ದರೆ ನಾಳವನ್ನು ಒಳಗಿನಿಂದ ತೆರೆದು ಹಿಡಿಯುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಬೇಕಾಗುತ್ತದೆ. ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಸಿಲಿಕಾನ್ ಸ್ಟೆಂಟೋ, ಲೋಹದ್ದೋ? ಫ್ರಾನ್ಸಿನ ವೈದ್ಯ ಡ್ಯೂಮೊನ್ 1990ರಲ್ಲಿ ವರದಿ ಮಾಡಿದ ಸಿಲಿಕಾನ್ ಸ್ಟೆಂಟನ್ನು ಬೇಕೆಂದಾಗ ಹೊರತೆಗೆಯಬಹುದು. ಹೊದಿಕೆಯಿಲ್ಲದ ಲೋಹದ ಜಾಲರಿ ಹಾಗಲ್ಲ. ಅದರ ಕಣ್ಣುಗಳ ಮೂಲಕ ಮಾಂಸ ಬೆಳೆದು ಗೋಡೆಯೊಳಗೆ ಹುದುಗಿಬಿಡುತ್ತದೆ, ಕೀಳಲು ಹೋದರೆ ಗೋಡೆಯೇ ಕಿತ್ತುಬರುತ್ತದೆ. ಕ್ಯಾನ್ಸರ್ ಅಲ್ಲದ ಕಾಯಿಲೆಗಳಲ್ಲಿ ಲೋಹದ ಸ್ಟೆಂಟ್ ಬಳಕೆಯ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಟಿಬಿ ವಾಸಿಯಾದ ಹರೆಯದವರ ಮುಂದೆ ದಶಕಗಳ ಆಯುಸ್ಸಿದೆ, ತೆಗೆಯಲಾಗದ ವಸ್ತುವನ್ನು ಅವರ ನಾಳದಲ್ಲಿ ಇಡುವುದು ಸರಿಯಲ್ಲ.

ಸಿಲಿಕಾನ್ ಸ್ಟೆಂಟ್ ಹಾಕಲು ಪೂರ್ಣ ಅರಿವಳಿಕೆ ಮತ್ತು ರಿಜಿಡ್ ಬ್ರಾಂಕೋಸ್ಕೋಪ್ (ಬಾಗದ ಲೋಹದ ಕೊಳವೆ) ಬೇಕು. ಈ ಸೌಲಭ್ಯ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಲ್ಲ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಸರ್ಕಾರಿ ಎದೆರೋಗ ಆಸ್ಪತ್ರೆಗೋ ದೊಡ್ಡ ವೈದ್ಯಕೀಯ ಕಾಲೇಜಿಗೋ ಹೊರಡುವ ಮುನ್ನ 'ರಿಜಿಡ್ ಬ್ರಾಂಕೋಸ್ಕೋಪಿ ಮಾಡುತ್ತೀರಾ, ಸಿಲಿಕಾನ್ ಸ್ಟೆಂಟ್ ಇದೆಯೇ, ಅರಿವಳಿಕೆ ತಂಡ ಇದೆಯೇ' ಎಂದು ಫೋನಿನಲ್ಲೇ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಹಿಡಿದುಕೊಂಡೇ ಹೊರಡಿ. ಟಿಬಿ ಮಾತ್ರೆ ಉಚಿತ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಖಾತೆಗೆ ಬಾರದಿದ್ದರೆ 1800-11-6666ಕ್ಕೆ ಕರೆ ಮಾಡಿ.

ಆಮೇಲೆ

ಸ್ಟೆಂಟ್ ಹಾಕಿಸಿಕೊಂಡವರಿಗೆ ನಾಳದ ಒಳಗೋಡೆಯ ಸಣ್ಣ ರೋಮಗಳು ಸ್ಟೆಂಟ್ ಇರುವಷ್ಟು ಉದ್ದಕ್ಕೆ ಕೆಲಸ ಮಾಡುವುದಿಲ್ಲ, ಕಫ ಅಲ್ಲೇ ಒಣಗುತ್ತದೆ. ದಿನಕ್ಕೆ ಎರಡು ಸಲ ಸಾಧಾರಣ ಸಲೈನನ್ನು 3ರಿಂದ 5 ಮಿಲಿಲೀಟರ್ ನೆಬ್ಯುಲೈಸ್ ಮಾಡಿ, ಕೂಡಲೇ ಬಾಯಿ ತೆರೆದು 'ಹಾ' ಎಂದು ಜೋರಾಗಿ ಉಸಿರು ತಳ್ಳಿ ಕಫ ತೆಗೆಯಬೇಕು. ಒಂದೆರಡು ದಿನ ತಪ್ಪಿಸಿದರೂ ಗಟ್ಟಿಯಾಗುತ್ತದೆ. ಇದ್ದಕ್ಕಿದ್ದಂತೆ ಕೆಮ್ಮು ಶುರುವಾದರೆ, ಸ್ವರ ಬದಲಾದರೆ ಸ್ಟೆಂಟ್ ಜಾರಿರಬಹುದು. ಬಾಯಿವಾಸನೆ, ಜ್ವರ ಬಂದರೆ ಸೋಂಕು. ನಿಧಾನವಾಗಿ ಏರುವ ದಮ್ಮು ಸ್ಟೆಂಟಿನ ತುದಿಯಲ್ಲಿ ಮಾಂಸ ಬೆಳೆದದ್ದರ ಗುರುತು. ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಇಟ್ಟು, ಕಲೆ ತಣ್ಣಗಾದ ಮೇಲೆ ತೆಗೆದು ನೋಡುತ್ತಾರೆ.

ಬಲೂನಷ್ಟೇ ಆದವರಿಗೂ ಮರುಪರೀಕ್ಷೆ ತಪ್ಪದು. ಟಿಬಿ ಚಿಕಿತ್ಸೆಯ ಎರಡು ಅಥವಾ ಮೂರನೇ ತಿಂಗಳಲ್ಲಿ ಒಮ್ಮೆ, ಕೋರ್ಸ್ ಮುಗಿದಾಗ ಒಮ್ಮೆ, ಮುಂದೆ ಕನಿಷ್ಠ ಒಂದು ವರ್ಷ ಆಗಾಗ ನಾಳವನ್ನು ನೋಡಬೇಕು. ಉಸಿರು ಊದುವ ಸ್ಪೈರೋಮೆಟ್ರಿ ಒಳ್ಳೆಯ ಅಳತೆ, ಆದರೆ ಕಫದಲ್ಲಿ ರೋಗಾಣು ಇರುವವರೆಗೆ ಅದನ್ನು ಮಾಡಿಸಬಾರದು. ಮನೆಯಲ್ಲಿ ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನಿಂತು ಮೂರು ಸಲ ಊದಿ, ಮೂರರಲ್ಲಿ ಹೆಚ್ಚಿನದನ್ನು ಬರೆದಿಡಿ. ನಿಮ್ಮ ಅತ್ಯುತ್ತಮ ಅಂಕಿಗಿಂತ ಐದನೇ ಒಂದು ಭಾಗ ಕುಸಿದರೆ ಮುಂದಿನ ತಪಾಸಣೆ ದಿನಾಂಕಕ್ಕೆ ಕಾಯದೆ ಹೊರಡಿ. ಬೀಡಿ, ಸಿಗರೇಟು, ಒಲೆಯ ಹೊಗೆ ಬಿಡಲೇಬೇಕು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಸ್ಟೆಂಟಿನ ಬಗೆ, ಅಳತೆ, ಜಾಗ, ಹಾಕಿದ ದಿನ ಬರೆದ ಚೀಟಿ ಸದಾ ಪರ್ಸಿನಲ್ಲಿರಲಿ. ಸ್ಟೆಂಟ್ ಇಲ್ಲದವರು ಕಿರಿದಾದ ಜಾಗ ಮತ್ತು ಕೊನೆಯ ಸಲ ಅಳೆದ ಅಗಲವನ್ನು ಬರೆಸಿಕೊಳ್ಳಿ. ಮುಂದೆ ಹೆರಿಗೆಗೋ ಅಪೆಂಡಿಕ್ಸ್‌ಗೋ ಅರಿವಳಿಕೆ ಪಡೆಯಬೇಕಾಗಿ ಬಂದರೆ ಆ ಚೀಟಿಯನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ತೋರಿಸಿ. ಎಷ್ಟು ಸಣ್ಣ ಕೊಳವೆ ಬೇಕು, ತುದಿ ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.